ಶೂಟಿಂಗ್ ಕ್ಲಬ್ಬೂ ಸಾಮಾಜಿಕ ಜಾಲತಾಣವೂ

ಬಂದೂಕೆಂದೊಡನೆ ತಾಯಿತಂದೆಯರ ಮನದಲ್ಲಿ ಅಳುಕು ಮೂಡುವುದು ಸಹಜ. ಆದರೆ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಬಳಕೆಯಾಗುವುದು 4.5 ಮಿ.ಮೀ. ವ್ಯಾಸದ ಪುಟ್ಟ ಪೆಲೆಟ್. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ವ್ಯಾಸವೋ ಕೇವಲ 0.5 ಮಿ.ಮೀ. ಇಲ್ಲಿ ಗೆಲ್ಲುವುದು ತೋಳ್ಬಲವಲ್ಲ, ಉಸಿರಿನ ಹಿಡಿತ ಹಾಗೂ ಏಕಾಗ್ರತೆ. ಈ ಸಂಗತಿಯನ್ನು ನೆರೆಹೊರೆಗೆ ಮನಗಾಣಿಸುವುದೇ ಕ್ಲಬ್ಬಿನ ಜಾಲತಾಣ ಪುಟದ ಪ್ರಥಮ ಕರ್ತವ್ಯ.

2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು, ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಒಂದು ಕಂಚು ಪಡೆದರು. ಇಂತಹ ಗೆಲುವು ಜನರಲ್ಲಿ ಕುತೂಹಲವನ್ನು ಕೆರಳಿಸುತ್ತದೆ. ಅದು ಆರುವ ಮುನ್ನವೇ ತರಬೇತಿಯ ವೇಳೆ, ಶುಲ್ಕ, ವಿಳಾಸಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳಲ್ಲಿ ಅವರಿಗೆ ದೊರೆಯಬೇಕು.

ಪ್ರಕಟಿಸುವ ಚಿತ್ರಗಳಲ್ಲಿ ಶಿಸ್ತು ಎದ್ದು ಕಾಣಬೇಕು: ನಳಿಕೆ ಸದಾ ಗುರಿಯತ್ತ, ಬೆರಳು ಕುದುರೆಯಿಂದ ದೂರ, ಸಿಡಿಮದ್ದಿನ ರೈಫಲ್ ಬಳಸುವವರ ಕಿವಿಗೆ ರಕ್ಷಣೆ. ಸೀಸದ ಪೆಲೆಟ್ ಮುಟ್ಟಿದವರು ಆಹಾರ ಸೇವಿಸುವ ಮೊದಲು ಸೋಪಿನಿಂದ ಕೈತೊಳೆಯಬೇಕೆಂಬ ಆರೋಗ್ಯಸೂತ್ರವನ್ನೂ ಪುಟದಲ್ಲಿ ಸಾರಬೇಕು. ಅಜಾಗರೂಕತೆಯ ಒಂದೇ ಚಿತ್ರ ವರ್ಷಗಳ ವಿಶ್ವಾಸವನ್ನು ಕೆಡಿಸಬಲ್ಲದು.

ಆಯುಧಗಳನ್ನಿಡುವ ಸ್ಥಳವನ್ನು ಎಂದಿಗೂ ಬಹಿರಂಗಪಡಿಸಬಾರದು. ಫೇಸ್‌ಬುಕ್ ಸಂಸ್ಥೆಯು ವ್ಯಕ್ತಿಗಳ ನಡುವಣ ಬಂದೂಕು ಮಾರಾಟವನ್ನು 2016ರಲ್ಲಿಯೇ ನಿಷೇಧಿಸಿದೆ. ಅಂತಹ ಪ್ರಕಟಣೆಗೆ ಎಡೆಗೊಟ್ಟರೆ ಪುಟವೇ ರದ್ದಾದೀತು. ಮಕ್ಕಳ ಭಾವಚಿತ್ರಗಳಿಗೆ ಪೋಷಕರ ಲಿಖಿತ ಸಮ್ಮತಿ ಅವಶ್ಯ. ಒಬ್ಬರು ಸಿದ್ಧಪಡಿಸಿದುದನ್ನು ಮತ್ತೊಬ್ಬರು ಪರಿಶೀಲಿಸಿದ ಬಳಿಕವೇ ಪ್ರಕಟಿಸುವ ಪದ್ಧತಿ ಕ್ಷೇಮಕರ.

ಮೆಚ್ಚುಗೆಯ ಗುರುತುಗಳ ಸಂಖ್ಯೆ ಯಶಸ್ಸಿನ ಅಳತೆಗೋಲಲ್ಲ. ಪುಟವನ್ನು ನೋಡಿ, ಅಳುಕು ತೊರೆದು, ಮಗುವಿನ ಕೈಹಿಡಿದು ಕ್ಲಬ್ಬಿನ ಹೊಸ್ತಿಲು ತುಳಿದ ಪೋಷಕರ ಸಂಖ್ಯೆಯೇ ನಿಜವಾದ ಲೆಕ್ಕ.