ಬಡಿತ ಏರುಪೇರಾದಾಗ

ಅಂಗೈ ಮೇಲ್ಮುಖವಾಗಿರಲಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಅಂಚಿನಲ್ಲಿ, ಇನ್ನೊಂದು ಕೈಯ ನಡುವಿನ ಮೂರು ಬೆರಳುಗಳನ್ನು ಹಗುರವಾಗಿ ಒತ್ತಿ ಹಿಡಿಯಿರಿ. ಹೆಬ್ಬೆರಳಿನಿಂದ ನಾಡಿ ನೋಡಬೇಡಿ, ಅದರದೇ ಮಿಡಿತ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಆಸ್ಪತ್ರೆಗಳಲ್ಲೂ ಇದೆ. ಎಣಿಕೆಗೆ ಅದು ಸಾಕು, ಲಯ ತಿಳಿಯಲು ಸಾಲದು. ಪೂರ್ತಿ ಒಂದು ನಿಮಿಷ ಕೊಡಿ. ಸುಮ್ಮನೆ ಕುಳಿತ ವಯಸ್ಕರಲ್ಲಿ 60ರಿಂದ 100ರ ನಡುವೆ ಎಷ್ಟಿದ್ದರೂ ಸರಿ. ದಿನಾ ಓಡುವ ಅಭ್ಯಾಸವಿದ್ದವರಲ್ಲಿ 50ಕ್ಕಿಂತ ಕೆಳಗಿಳಿದರೂ ಸಾಮಾನ್ಯವಾಗಿ ಗಾಬರಿಯಿಲ್ಲ. ಎಣಿಕೆಗಿಂತ ಮೊದಲು ನಾನು ನೋಡುವುದು ಬಡಿತಗಳ ನಡುವಿನ ಅಂತರವನ್ನು.

ಆ ಅಂತರ ಕೆಡುವ ಬಗೆಗಳಲ್ಲಿ ತೀರಾ ಸಾಮಾನ್ಯವಾದದ್ದು ಅವಧಿಗೆ ಮುನ್ನ ಬರುವ ಒಂಟಿ ಬಡಿತ. ಬೇಗ ಬಂದದ್ದು ಎಷ್ಟೋ ಸಲ ಮುಂಗೈಯನ್ನು ಮುಟ್ಟುವುದೇ ಇಲ್ಲ. ಅದರ ಬೆನ್ನಿಗೆ ಬರುವ ಬಿಡುವಿನಲ್ಲಿ ರಕ್ತ ಹೆಚ್ಚು ತುಂಬಿ, ಮುಂದಿನದು ಜೋರಾಗುತ್ತದೆ. ‘ಎದೆ ಧಸಕ್ ಅಂತು ಡಾಕ್ಟ್ರೇ’ ಎನ್ನುವುದು ಇದಕ್ಕೇ. ಕೆಲವರು ‘ಗ್ಯಾಸ್ಟ್ರಿಕ್ಕು’ ಎಂದು ತಾವೇ ತೀರ್ಮಾನಿಸಿಕೊಂಡು ಬರುತ್ತಾರೆ. ಹೃದಯದ ಸ್ನಾಯು, ಕವಾಟಗಳು ಚೆನ್ನಾಗಿದ್ದು, ಇಂಥ ಬಡಿತಗಳು ವಿರಳವಾಗಿದ್ದರೆ ಔಷಧಿ ಬೇಡ. ‘ಒಂದು ಮಾತ್ರೆನೂ ಬರೆಯಲ್ವಾ?’ ಎಂದು ಬೇಸರಿಸಿಕೊಳ್ಳುವವರಿಗೆ ನಮ್ಮ ವೃತ್ತಿಯ ಕಹಿ ಪಾಠವೊಂದನ್ನು ಹೇಳುತ್ತೇನೆ. ಹೃದಯಾಘಾತದಿಂದ ಚೇತರಿಸಿಕೊಂಡವರಲ್ಲಿ ಈ ಒಂಟಿ ಬಡಿತಗಳನ್ನು ಅಡಗಿಸಿದರೆ ಜೀವ ಉಳಿಯುತ್ತದೆಂದು 1980ರ ದಶಕದಲ್ಲಿ ನಂಬಿದ್ದರು. ‘ಕಾಸ್ಟ್’ ಎಂಬ ಪರೀಕ್ಷೆಯಲ್ಲಿ ಫ್ಲೆಕನೈಡ್, ಎನ್‌ಕನೈಡ್ ಮಾತ್ರೆಗಳು ಅವನ್ನು ಅಡಗಿಸಿದವು ಕೂಡ. ಆದರೆ ಮಾತ್ರೆ ನುಂಗಿದವರೇ ಹೆಚ್ಚು ಸತ್ತರು. 1989ರಲ್ಲಿ ಆ ಎರಡನ್ನೂ ಪರೀಕ್ಷೆಯಿಂದ ಕೈಬಿಟ್ಟರು.

ಇನ್ನೊಂದು ಬಗೆಯನ್ನು ಮಾತ್ರ ಹಾಗೆ ಬಿಡುವಂತಿಲ್ಲ. ನಾಡಿಯಲ್ಲಿ ಯಾವ ಎರಡು ಬಡಿತಗಳ ಅಂತರವೂ ಒಂದೇ ಇರುವುದಿಲ್ಲ, ಬಲವೂ ಒಂದೇ ಇರುವುದಿಲ್ಲ. ಇದು ಏಟ್ರಿಯಲ್ ಫಿಬ್ರಿಲೇಶನ್, ಚೀಟಿಯಲ್ಲಿ ‘ಎ.ಎಫ್.’ ಬಡಿತದ ಸಂಕೇತ ಹೊರಡಬೇಕಾದದ್ದು ಬಲ ಹೃತ್ಕರ್ಣದ ಮೇಲ್ಭಾಗದ ಪುಟ್ಟ ಅಂಗಾಂಶದಿಂದ. (ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿ ಬಿಲ ತೋಡುವ ಮೋಲ್ ಎಂಬ ಪ್ರಾಣಿಯ ಹೃದಯದಲ್ಲಿ ಇದನ್ನು ಗುರುತಿಸಿದಾಗ ಅವನ ಗುರು ಆರ್ಥರ್ ಕೀತ್ ಹೆಂಡತಿಯೊಡನೆ ಸೈಕಲ್ ಸವಾರಿ ಹೋಗಿದ್ದರಂತೆ. 1907ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು.) ಎ.ಎಫ್.ನಲ್ಲಿ ಆ ಯಜಮಾನಿಕೆ ಹೋಗಿ, ಹೃತ್ಕರ್ಣಗಳು ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಬರಿದೇ ಅದುರುತ್ತವೆ. ಸರಿಯಾಗಿ ಹಿಂಡದ ಎಡ ಹೃತ್ಕರ್ಣದ ಮೂಲೆಯ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಲಕ್ವದ ಸಂಭವ ಸುಮಾರು ಐದು ಪಟ್ಟು ಏರುತ್ತದೆ.

ಆದ್ದರಿಂದ ಹಲವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬೇಕು. ಆಸ್ಪಿರಿನ್ ಅದಕ್ಕೆ ಬದಲಿಯಲ್ಲ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರು ನಮ್ಮಲ್ಲಿ ಇನ್ನೂ ಸಾಕಷ್ಟಿದ್ದಾರೆ. ಹೊಸ ಮಾತ್ರೆ ರಿವರೊಕ್ಸಬ್ಯಾನ್‌ಗಿಂತ ವಾರ್ಫರಿನ್ ಗುಂಪಿನ ಹಳೆಯ ಮಾತ್ರೆಗಳೇ ಅವರಿಗೆ ಮೇಲು ಎಂದು 2022ರ ‘ಇನ್ವಿಕ್ಟಸ್’ ಅಧ್ಯಯನ ತೋರಿಸಿತು. ಇವರಿಗೆ ಯಾರೋ ‘ಸೊಪ್ಪು ಮುಟ್ಟಬೇಡಿ’ ಎಂದು ಹೆದರಿಸಿರುತ್ತಾರೆ. ಸೊಪ್ಪಿನ ಕೆ ಜೀವಸತ್ವ ವಾರ್ಫರಿನ್ನಿನ ಬಲ ತಗ್ಗಿಸುವುದು ನಿಜ. ಹಾಗೆಂದು ಬಸ್ಸಾರು, ಮಸ್ಸೊಪ್ಪು ಬಿಡಬೇಕಿಲ್ಲ. ಒಂದು ವಾರ ದಿನಾ ತಿಂದು ಮುಂದಿನ ವಾರ ಪೂರ್ತಿ ಬಿಡುವ ಹಾಗಾಗದೆ, ಹೆಚ್ಚುಕಡಿಮೆ ಅಷ್ಟಷ್ಟೇ ತಿಂದರೆ ಸಾಕು. ಮಾತ್ರೆಯ ಪ್ರಮಾಣವನ್ನು ರಕ್ತಪರೀಕ್ಷೆ ನೋಡಿ ನಾವು ಹೊಂದಿಸುತ್ತೇವೆ.

ವ್ಯಾಯಾಮದ ವಿಷಯಕ್ಕೆ ಬಂದರೆ, 1953ರಲ್ಲಿ ಜೆರೆಮಿ ಮಾರಿಸ್ ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದರು. ದಿನವಿಡೀ ಕೂತ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಕಡಿಮೆಯಿತ್ತು. ಲಯದ ವಿಚಾರದಲ್ಲಿ ಕಣ್ಣು ತೆರೆಸಿದ್ದು ಬಹಳ ತಡವಾಗಿ, 2015ರಲ್ಲಿ, ಆಸ್ಟ್ರೇಲಿಯದ ಅಡಿಲೇಡ್‌ನ ವೈದ್ಯರು. ಎ.ಎಫ್. ಇದ್ದ ದಪ್ಪ ಮೈಯವರಲ್ಲಿ ತೂಕದ ಶೇ. 10ರಷ್ಟನ್ನಾದರೂ ಇಳಿಸಿ ಕಾಯ್ದುಕೊಂಡವರು ಲಯ ತಪ್ಪದೆ ಉಳಿಯುವ ಸಾಧ್ಯತೆ ಆರು ಪಟ್ಟು ಹೆಚ್ಚಿತ್ತು. ಇಳಿಸಿ, ಮತ್ತೆ ಏರಿಸಿ, ಮತ್ತೆ ಇಳಿಸಿದವರಿಗೆ ಆ ಲಾಭದ ಒಂದು ಪಾಲು ಕೈತಪ್ಪಿತು. ಮದುವೆಗೆ ಮುಂಚೆ ಒಂದು ತಿಂಗಳ ಉಪವಾಸದ ಪ್ಯಾಕೇಜು ಕೊಳ್ಳುವವರು ಇದನ್ನು ಓದಬೇಕು. ಬಿ.ಪಿ. ಹತೋಟಿ, ಉಸಿರುಕಟ್ಟುವ ಗೊರಕೆಗೆ ಚಿಕಿತ್ಸೆ ಇವೂ ಅದೇ ಚಿಕಿತ್ಸಾಕ್ರಮದ ಭಾಗವಾಗಿದ್ದವು. ವಾರಕ್ಕೆ ಹತ್ತು ಅಥವಾ ಅದಕ್ಕೂ ಹೆಚ್ಚು ಪೆಗ್ಗಿನಷ್ಟು ಕುಡಿಯುತ್ತಿದ್ದವರು ಮದ್ಯ ಬಿಟ್ಟಾಗ ಎ.ಎಫ್. ಮರುಕಳಿಸುವುದು ಕಡಿಮೆಯಾಯಿತೆಂದು 2020ರಲ್ಲಿ ಅದೇ ದೇಶದ ಇನ್ನೊಂದು ಪ್ರಯೋಗ ತೋರಿಸಿತು.

ಹಾಗಾದರೆ ವ್ಯಾಯಾಮ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದೇ? ಸ್ವೀಡನ್ನಿನ ವಾಸಲೋಪೆಟ್ 90 ಕಿ.ಮೀ. ಹಿಮಜಾರಾಟದ ಪಂದ್ಯ. ಅದರಲ್ಲಿ ಗುರಿ ಮುಟ್ಟಿದ 50,000ಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಅಧ್ಯಯನ 2013ರಲ್ಲಿ ಬಂತು. ಹೆಚ್ಚು ಸಲ ಭಾಗವಹಿಸಿದವರಲ್ಲಿ, ವೇಗವಾಗಿ ಮುಗಿಸಿದವರಲ್ಲಿ ಲಯದ ತೊಂದರೆ ಹೆಚ್ಚಿತ್ತು. ವರ್ಷಗಟ್ಟಲೆ ಅತಿ ಶ್ರಮದಿಂದ ಹೃತ್ಕರ್ಣ ಹಿಗ್ಗುವುದು ಒಂದು ಕಾರಣವಿರಬಹುದು. ನಮ್ಮಲ್ಲಿ ಬಹುತೇಕರು ಈ ಅಪಾಯದ ಹತ್ತಿರಕ್ಕೂ ಹೋಗುವುದಿಲ್ಲ ಬಿಡಿ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯೇ ನಮಗೆ ದುಬಾರಿ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು: ಅದು ಬಿರುಸಿನ ಅಳತೆ.

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳಲ್ಲಿ ತಪಾಸಣೆಗೆ ಯುವಕರ ಸಾಲು ಬೆಳೆಯಿತು. ‘ಜಿಮ್ ಬಿಡಬೇಕಾ ಸರ್?’ ಎಂಬ ಪ್ರಶ್ನೆ ಇಂದಿಗೂ ನಿಂತಿಲ್ಲ. ನಾನು ಮರಳಿ ಕೇಳುವುದು ಇಷ್ಟು: ಓಡುವಾಗ, ಭಾರ ಎತ್ತುವಾಗ ಎಂದಾದರೂ ಪ್ರಜ್ಞೆ ತಪ್ಪಿದೆಯೇ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಏಕಾಏಕಿ ತೀರಿಕೊಂಡಿದ್ದಾರೆಯೇ? ಎದೆನೋವು, ಹಿಂದೆಂದೂ ಇಲ್ಲದ ಏದುಸಿರು? ಬಿಸಿಲಲ್ಲಿ ನಿಂತು ತಲೆಸುತ್ತಿ ಬೀಳುವುದು ಬಹುತೇಕ ನಿರಪಾಯ. ಓಟದ ನಡುವೆ ಬೀಳುವುದನ್ನು ಹಾಗೆ ತಳ್ಳಿಹಾಕಬಾರದು. ಇವುಗಳಲ್ಲಿ ಒಂದಕ್ಕಾದರೂ ಹೌದು ಎಂದರೆ ಇಸಿಜಿ, ಎಕೋ ಮುಗಿಯುವವರೆಗೆ ಜಿಮ್ ಬೇಡ.

ಎದೆ ಹೊಡೆದುಕೊಳ್ಳುತ್ತಿರುವಾಗಲೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೆಗೆಸಿದ ಒಂದು ಇಸಿಜಿ, ಎಲ್ಲ ಸರಿಹೋದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸುವ ಹತ್ತು ಪರೀಕ್ಷೆಗಿಂತ ನನಗೆ ಉಪಯುಕ್ತ. ಅದನ್ನು ಜೋಪಾನ ಮಾಡಿ ತನ್ನಿ. ಆ ಕಾಗದದ ಗೆರೆಗಳು ತಿಂಗಳುಗಳಲ್ಲಿ ಮಾಸಿಹೋಗುತ್ತವೆ, ಅಂದೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.