ಮೂವತ್ತೆರಡು ಸಾವಿರ ಹೊಲಿಗೆಯ ಕೌದಿ

ಹಳೆಯ ಅರಿವೆ ಜೋಡಿಸಿ ಹೊಲಿದ ಕೌದಿ ನೋಡಬೇಕೆಂದರೆ ನವರಾತ್ರಿಗೆ ಮುಂಚಿನ ವಾರ ವಿಜಯಪುರ ಬಿಟ್ಟು ಹೊರಡಬೇಕು. ಅಥಣಿ ರಸ್ತೆ ಹಿಡಿದು ತೊರವಿ ದಾಟಿ ಟಿಕೋಟಾಕ್ಕೆ ಹೋಗಿ, ಇಲ್ಲವೇ ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರಕ್ಕೆ ಹೋಗಿ. ನವರಾತ್ರಿಯ ಘಟ್ಟ ಹಾಕುವ ಮುನ್ನ ಮನೆಯ ಹಾಸಿಗೆ, ಹೊದಿಕೆಯನ್ನೆಲ್ಲ ಒಗೆಯುವುದು ಈ ಸೀಮೆಯ ರೂಢಿ. ಮಾಳಿಗೆಯ ಮೇಲೆ, ಹಿತ್ತಲ ಗೋಡೆಯ ಮೇಲೆ, ಕಾಲುವೆಯ ದಂಡೆಯಲ್ಲಿ ಕೌದಿಗಳು ಹರವಿಕೊಂಡಿರುತ್ತವೆ. ಒದ್ದೆ ಕೌದಿ ಒಬ್ಬರಿಗೆ ಏಳುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ತಿರುವಿ ಹಿಂಡಬೇಕು, ಹಿಂಡಿದ ಮೇಲೂ ಇಬ್ಬರೇ ಹೊರಬೇಕು.

ಹತ್ತಿರ ಹೋಗಿ ನೋಡಿದರೆ ಒಂದು ಮನೆತನವೇ ಅಲ್ಲಿ ಬಿಸಿಲಿಗೆ ಮೈಯೊಡ್ಡಿದೆ. ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗು, ಅಜ್ಜನ ಧೋತರದ ಬಿಳಿ, ಮಗಳ ಶಾಲೆಯ ನೀಲಿ ಲಂಗ, ಗುಳೇದಗುಡ್ಡ ಖಣದ ಕುಬಸದ ತೋಳು, ಟೇಲರ್ ಅಂಗಡಿಯಿಂದ ಬೇಡಿ ತಂದ ಅಂಗೈಯಗಲದ ಚೌಕ ತುಂಡುಗಳು. ಯಾವ ತುಂಡು ಯಾರದು ಎಂದು ಆ ಮನೆಯ ಹಿರಿಯಳಿಗೆ ಗೊತ್ತಿರುತ್ತದೆ. ಕೇಳಿದರೆ ಒಂದೊಂದರ ಮೇಲೂ ಬೆರಳಿಟ್ಟು ಹೇಳುತ್ತಾಳೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ, ಗದಗ ಜಿಲ್ಲೆಗಳ ಉದ್ದಗಲಕ್ಕೂ ಈ ಹೊದಿಕೆಯ ಹೆಸರು ಕೌದಿ. ಗಡಿಯಾಚೆ ಸೊಲ್ಲಾಪುರ, ಸಾಂಗಲಿಗಳಲ್ಲಿ ಇದೇ ಗೋಧಡಿ. ಇದರಲ್ಲಿ ಅರಳೆ ತುಂಬುವುದಿಲ್ಲ. ಹಳೆಯ ಸೀರೆ, ಧೋತರಗಳ ಪದರವೇ ಇದರ ಮೈ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ, ಮಾರ್ಗಶಿರ ಪುಷ್ಯದಲ್ಲಿ ಹತ್ತರ ಆಸುಪಾಸಿಗೆ ಇಳಿಯುವ ಊರಿಗೆ ಇದಕ್ಕಿಂತ ಒಪ್ಪುವ ಹಾಸಿಗೆ ಇನ್ನೊಂದಿಲ್ಲ ಎಂಬುದು ನನ್ನ ಮಾತು. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಹಾಸಿದರೆ ಬೆವರು ಹೀರುತ್ತದೆ, ಥಂಡಿಯಲ್ಲಿ ಹೊಚ್ಚಿಕೊಂಡರೆ ಪದರಗಳ ನಡುವಿನ ಗಾಳಿ ಬಿಸುಪು ಹಿಡಿದಿಡುತ್ತದೆ. ಕೂಸಿನ ತೊಟ್ಟಿಲಿಗೂ ಅದೇ, ಬಾಣಂತಿಯ ಹೊರಸಿಗೂ ಅದೇ. ಬರ ಬಿದ್ದ ವರ್ಷ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೊರಟವರ ಗಂಟಿನಲ್ಲಿ ಜೋಳದ ಹಿಟ್ಟಿನ ಜೊತೆಗೆ ಕೌದಿಯೂ ಹೋಗುತ್ತದೆ.

ಹೊಲಿಯುವ ಕೆಲಸ ಆರಂಭವಾಗುವುದು ಸೂಜಿಯಿಂದಲ್ಲ, ಗಂಟು ಬಿಚ್ಚುವುದರಿಂದ. ವರ್ಷವಿಡೀ ಕೂಡಿಟ್ಟ ಅರಿವೆಯ ಗಂಟನ್ನು ಪಡಸಾಲೆಯಲ್ಲಿ ಸುರುವಿ ಹಾಸುವುದು, ಹೊದೆಯುವುದು, ಒಳಗೆ ಹೋಗುವುದು ಎಂದು ಬೇರೆ ಮಾಡುತ್ತಾರೆ. ತೀರ ಜೀರ್ಣವಾದ ನೂಲಿನ ಸೀರೆ ಒಳಪದರಕ್ಕೆ. ಎಳೆ ಗಟ್ಟಿಯಿದ್ದದ್ದು ಅಡಿಪದರಕ್ಕೆ. ಬಣ್ಣ ಉಳಿಸಿಕೊಂಡ ತುಂಡುಗಳು ಮೇಲಕ್ಕೆ. ಇಳಕಲ್ ಸೀರೆಯಲ್ಲಿ ಮೈ ಸವೆದು ಜಾಳಾದ ಮೇಲೂ ಸೆರಗು ಮಿರುಗುತ್ತಿರುತ್ತದೆ. ಆ ಸೆರಗಿಗೆ ಕೌದಿಯ ನಡುಮಧ್ಯದ ಗೌರವ ಸಿಗುತ್ತದೆ. ಧಡಿ ಸುತ್ತ ಅಂಚಿಗೆ ಹೋಗುತ್ತದೆ, ಏಕೆಂದರೆ ಧಡಿಯ ನೇಯ್ಗೆ ಒತ್ತು. ಕೈ ಹೆಚ್ಚು ತಾಗುವ, ಬೇಗ ಹರಿಯುವ ಜಾಗ ಅದು.

ಇನ್ನು ಚೌಕಗಳ ಲೆಕ್ಕ. ಒಬ್ಬರು ಹೊದೆಯುವ ಕೌದಿ 72 ಇಂಚು ಉದ್ದ, 56 ಇಂಚು ಅಗಲ ಎಂದಿಟ್ಟುಕೊಳ್ಳಿ. ಹೊಲಿದ ಮೇಲೆ ನಾಲ್ಕಿಂಚು ಕಾಣುವ ಚೌಕಗಳಾದರೆ ಉದ್ದಕ್ಕೆ 18, ಅಡ್ಡಕ್ಕೆ 14, ಒಟ್ಟು 252 ತುಂಡು ಬೇಕು. ಅಂಚು ಒಳಗೆ ಮಡಚಲು ನಾಲ್ಕೂ ಕಡೆ ಕಾಲಿಂಚು ಬಿಡಬೇಕಾದ್ದರಿಂದ ಕತ್ತರಿಸುವಾಗ ನಾಲ್ಕೂವರೆ ಇಂಚಿನ ಅಳತೆ. ಟೇಲರ್ ಅಂಗಡಿಯ ಮೂಲೆಯ ಚೀಲದಲ್ಲಿ ಇಷ್ಟು ದೊಡ್ಡ ತುಂಡು ಬೇಕಾದಷ್ಟು ಸಿಗುತ್ತವೆ. ಹೊಸಬರು ತಪ್ಪುವುದು ಎರಡು ಕಡೆ. ಒಂದು, ಎಳೆಯ ನೇರಕ್ಕೆ ಕತ್ತರಿಸದೆ ಓರೆಯಾಗಿ ಕತ್ತರಿಸುವುದು. ಓರೆ ತುಂಡು ಎಳೆದ ಕಡೆ ಹಿಗ್ಗುತ್ತದೆ, ಚೌಕ ಚೌಕವಾಗಿ ಉಳಿಯುವುದಿಲ್ಲ. ಇನ್ನೊಂದು, ಹೊಸ ಹತ್ತಿ ಬಟ್ಟೆಯನ್ನು ನೆನೆಸದೆ ಬಳಸುವುದು. ಮೊದಲ ಒಗೆತಕ್ಕೆ ಅದು ಕುಗ್ಗುತ್ತದೆ, ಪಕ್ಕದ ಪಾಲಿಯೆಸ್ಟರ್ ತುಂಡು ಕುಗ್ಗುವುದಿಲ್ಲ, ಕೌದಿ ಅಲ್ಲಲ್ಲಿ ಉಬ್ಬಿ ಏಳುತ್ತದೆ. ಹಳೇ ಅರಿವೆಗೆ ಈ ಕಾಟವಿಲ್ಲ. ನೂರು ಸಲ ಒಗೆಸಿಕೊಂಡು ಕುಗ್ಗುವಷ್ಟು ಕುಗ್ಗಿ, ಬಿಡುವಷ್ಟು ಬಣ್ಣ ಬಿಟ್ಟು ಮೆತ್ತಗಾಗಿರುತ್ತದೆ.

ಅಡಿಯ ಸೀರೆಯನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ಅದರ ಮೇಲೆ ಒಳಪದರ ಹರವಿ, ಸುಕ್ಕು ತೆಗೆದು, ನಾಲ್ಕು ಮೂಲೆಗೆ ಭಾರ ಇಡುತ್ತಾರೆ. ಪದರ ಸರಿಯದಂತೆ ಮೊದಲು ಮೊಳಕ್ಕೊಂದು ಉದ್ದ ಹೊಲಿಗೆ ಹಾಕುತ್ತಾರೆ. ಆಮೇಲೆ ಮೂಲೆಯಿಂದ ತುಂಡು ಕೂರಿಸುತ್ತ, ಅಂಚು ಉಗುರಿನಿಂದ ಮಡಚಿ ಒತ್ತುತ್ತ, ಸುತ್ತು ಹಾಕುತ್ತ ನಡುವಿಗೆ ಬರುವುದು ಒಂದು ಬಗೆ. ಸಾಲು ಹಿಡಿದು ಉದ್ದಕ್ಕೆ ಹೊಲಿಯುವುದು ಇನ್ನೊಂದು ಬಗೆ. ಎರಡೆಳೆ ದಾರ, ಉದ್ದ ಸೂಜಿ, ಬೆರಳಿಗೆ ಸುತ್ತಿದ ಚಿಂದಿ, ಸಾಮಾನು ಇಷ್ಟೇ. ಹೊಲಿಗೆಯಂತೂ ಎಲ್ಲರಿಗೂ ಬರುವ ಸಾದಾ ಹೊಲಿಗೆ. ಮೂರು ನಾಲ್ಕು ಪದರದೊಳಗೆ ಸೂಜಿಯನ್ನು ನೇರ ಇಳಿಸಿ ನೇರ ಎತ್ತುವುದು ಮಾತ್ರ ಎಲ್ಲರಿಗೂ ಬರುವುದಿಲ್ಲ. ಪಳಗಿದ ಕೈಯದಾದರೆ ಕೌದಿಯ ಅಡಿಭಾಗವನ್ನು ತಿರುವಿ ನೋಡಿದಾಗಲೂ ಸಾಲು ಅಷ್ಟೇ ನೇರ. ಕೌದಿ ಕೊಳ್ಳುವವರು ಮೊದಲು ತಿರುವಿ ಹಾಕಿ ನೋಡಬೇಕು.

ಸಾಲಿನಿಂದ ಸಾಲಿಗೆ ಅರ್ಧ ಇಂಚು ಬಿಟ್ಟರೆ 56 ಇಂಚಿನ ಅಗಲಕ್ಕೆ 112 ಸಾಲು. ಒಂದೊಂದು ಸಾಲು 72 ಇಂಚು. ಒಟ್ಟು 8,064 ಇಂಚು, ಅಂದರೆ ಸುಮಾರು 205 ಮೀಟರ್. ವಿಜಯಪುರದ ಗೋಳಗುಮ್ಮಟದ ಎತ್ತರ 51 ಮೀಟರ್. ಒಂದು ಕೌದಿಯ ಹೊಲಿಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಗುಮ್ಮಟದ ನಾಲ್ಕರಷ್ಟಾಗುತ್ತದೆ. ಇಂಚಿಗೆ ನಾಲ್ಕು ಹೊಲಿಗೆ ಹಿಡಿದರೂ ಮೂವತ್ತೆರಡು ಸಾವಿರ ದಾಟುತ್ತದೆ. ಗುಮ್ಮಟ ನೋಡಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ, ಬರಲೇಬೇಕು. ಅದರ ನೆರಳಿನ ಊರುಗಳಲ್ಲಿ ಹೆಣ್ಣುಮಕ್ಕಳು ಬರಿಗೈಯಲ್ಲಿ ಹಾಕಿದ ಈ ಹೊಲಿಗೆಯನ್ನು ಮಾತ್ರ ಯಾರೂ ಎಣಿಸಲಿಲ್ಲ.

ಕೆಲವು ಮನೆಗಳಲ್ಲಿ ಕೊನೆಯ ಮೂಲೆ ಮುಚ್ಚುವ ಮುನ್ನ ರೊಟ್ಟಿಯ ಚೂರನ್ನೋ ಹೋಳಿಗೆಯ ಚೂರನ್ನೋ ಒಳಗಿಟ್ಟು ಹೊಲಿಯುತ್ತಾರೆ. ಹೊದ್ದವರ ಹೊಟ್ಟೆ ತುಂಬಿರಬೇಕಾದರೆ ಕೌದಿಯ ಹೊಟ್ಟೆಯೂ ಬರಿದಾಗಿರಬಾರದು ಎಂಬ ನಂಬಿಕೆ.

ಮನೆಯವರೇ ಹೊಲಿಯುವುದುಂಟು, ಓಣಿಯ ನಾಲ್ವರು ಮಧ್ಯಾಹ್ನ ಸೇರಿ ನಾಲ್ಕು ಮೂಲೆ ಹಿಡಿಯುವುದುಂಟು. ಇದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. ಗೊಂದಳಿ ಸಮುದಾಯದ ಗಂಡಸರು ಅಂಬಾಭವಾನಿಯ ಗೊಂದಳ ಹಾಕಿದರೆ, ಹೆಣ್ಣುಮಕ್ಕಳು ಊರೂರು ತಿರುಗಿ ಕೌದಿ ಹೊಲಿದುಕೊಟ್ಟು ಬಂದವರು. ಕಾಳು, ಊಟ, ಹಳೇ ಅರಿವೆ, ಒಂದಿಷ್ಟು ರೊಕ್ಕ ಅವರ ಕೂಲಿಯಾಗಿತ್ತು.

ಈಗ ಕೌದಿ ಕಡಿಮೆಯಾಗಿದೆ. ಸೊಲ್ಲಾಪುರದ ಚಾದರ, ಬಣ್ಣದ ರಗ್ಗು ಅಗ್ಗಕ್ಕೆ ಸಿಗುವುದು ಒಂದು ಕಾರಣ, ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸಿದ ಕಾರಣಗಳು ಬೇರೆ. ಮನೆಯಲ್ಲಿ ನೂಲಿನ ಸೀರೆಯೇ ಇಲ್ಲವಾಗಿದೆ. ಉಡುವುದು ಸಿಂಥೆಟಿಕ್. ಅದು ಹರಿಯುವುದೂ ಇಲ್ಲ, ಬೆವರು ಹೀರುವುದೂ ಇಲ್ಲ, ಒಳಪದರಕ್ಕೆ ಹಾಕಿದರೆ ಜಾರುತ್ತದೆ. ಉಳಿದ ಹಳೇ ಅರಿವೆಯನ್ನು ಭಾಂಡೆ ಮಾರುವವರು ಒಂದು ಸ್ಟೀಲ್ ಡಬ್ಬಿ ಕೊಟ್ಟು ಒಯ್ಯುತ್ತಾರೆ.

ಇನ್ನೊಂದು ಕಾರಣ ದ್ರಾಕ್ಷಿ. ಕೌದಿ ಹೊಲಿಯುವ ಕಾಲ ಬೇಸಿಗೆ. ಜೋಳ ಒಕ್ಕಿ ಮುಗಿದು, ಮಳೆ ಬರುವತನಕ ಹೊಲದಲ್ಲಿ ಕೆಲಸವಿಲ್ಲದ ಆ ಎರಡು ಮೂರು ತಿಂಗಳ ಮಧ್ಯಾಹ್ನಗಳು ಸೂಜಿಗೆ ಮೀಸಲಾಗಿದ್ದವು. ಟಿಕೋಟಾ, ಬಬಲೇಶ್ವರ ತಾಲ್ಲೂಕುಗಳಲ್ಲಿ ದ್ರಾಕ್ಷಿ ತೋಟ ಹಬ್ಬಿದ ಮೇಲೆ ಬೇಸಿಗೆಯೇ ದುಡಿಮೆಯ ಸುಗ್ಗಿಯಾಗಿದೆ. ಫೆಬ್ರುವರಿಯಿಂದ ಗೊನೆ ಕೊಯ್ಲು, ಒಣದ್ರಾಕ್ಷಿ ಶೆಡ್ಡಿನಲ್ಲಿ ಹರವುವುದು, ಒಣಗಿದ್ದನ್ನು ಆರಿಸುವುದು, ಏಪ್ರಿಲ್‌ಗೆ ಮತ್ತೆ ಬಳ್ಳಿ ಸವರುವ ಚಾಟ್ನಿ. ಹೆಣ್ಣುಮಕ್ಕಳ ಕೈಗೆ ವಾರದ ರೊಕ್ಕ ಬರುತ್ತಿದೆ, ಗುಳೆ ಹೋಗುವುದು ಎಷ್ಟೋ ಮನೆಗಳಿಗೆ ತಪ್ಪಿದೆ. ಇದಕ್ಕೆ ಮರುಗುವವಳು ನಾನಲ್ಲ. ಆದರೆ ಶೆಡ್ಡಿನ ಕೂಲಿ ಬಿಟ್ಟು ಪುಕ್ಕಟೆ ಕೌದಿ ಹೊಲಿಯಲಿ ಎಂದು ಇನ್ನು ಯಾರೂ ಬಯಸುವ ಹಾಗಿಲ್ಲ.

ಹಾಗಾದರೆ ಕೌದಿಗೆ ಬೆಲೆ ಬರುವುದುಂಟೇ? ಬಂದ ಉದಾಹರಣೆಗಳು ಕಣ್ಣೆದುರಿಗಿವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ, ತಾವು ‘ಕೌಂದಿ’ ಎನ್ನುವ ಕೌದಿಯ ಮೂಲೆಗಳಲ್ಲಿ ‘ಫುಲ’ ಎಂಬ ಮಡಚಿದ ಅರಿವೆಯ ಹೂ ಇರುತ್ತದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ 2004ರಲ್ಲಿ ಈ ಹೆಣ್ಣುಮಕ್ಕಳದೊಂದು ಸಹಕಾರಿ ಸಂಘವಾಯಿತು, ಕೌಂದಿಗಳು ವಿದೇಶದ ವಸ್ತುಸಂಗ್ರಹಾಲಯಗಳನ್ನು ತಲುಪಿದವು. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳು ಹಳೆಯ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳನ್ನು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಗೋಡೆಗೆ ತೂಗುಹಾಕಿದರು. 2006ರಲ್ಲಿ ಅಲ್ಲಿನ ಅಂಚೆ ಇಲಾಖೆ ಅವುಗಳ ಚಿತ್ರದ ಅಂಚೆಚೀಟಿ ತಂದಿತು. ನಮ್ಮ ವಿಜಯಪುರದಲ್ಲೇ ಆಶಾ ಪಾಟೀಲ ಮತ್ತು ಸೀಮಾ ಕಿಶೋರ್ ಕಟ್ಟಿದ ‘ಬಂಜಾರಾ ಕಸೂತಿ’ ಸಂಸ್ಥೆ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಸೂಜಿಗೆ ಮತ್ತೆ ಕೆಲಸ ಕೊಟ್ಟಿದೆ. ಕನ್ನಡಿ, ಕವಡೆ, ತುಂಡು ಬಟ್ಟೆಯ ಆ ಕುಸುರಿಗೆ ಕೊಳ್ಳುವವರು ಸಿಕ್ಕಿದ್ದಾರೆಂದರೆ ಕೌದಿಗೂ ಸಿಗಲೇಬೇಕು.

ಬೆಲೆಯ ಮಾತನ್ನು ಬಿಡಿಸಿಯೇ ಹೇಳುತ್ತೇನೆ. ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ 2025-26ರಲ್ಲಿ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಮೇಲೆ ಹೇಳಿದ ಅಳತೆಯ ಕೌದಿಗೆ ಒಬ್ಬಾಕೆ ಹದಿನೈದು ದಿನ ಕೂತರೆ ಕೂಲಿಯೇ 5,550 ರೂಪಾಯಿ ಆಗುತ್ತದೆ. ಅರಿವೆ ಹಳೆಯದು ಎಂಬ ಕಾರಣಕ್ಕೆ ಕೌದಿಯೂ ಅಗ್ಗವಾಗಿರಬೇಕು ಎಂದುಕೊಂಡು ಐನೂರು, ಸಾವಿರಕ್ಕೆ ಚೌಕಾಸಿ ಮಾಡುವುದು ಅನ್ಯಾಯ. ನಾವು ಕೊಳ್ಳುತ್ತಿರುವುದು ಅವಳ ಕಣ್ಣು, ಬೆನ್ನು, ಬೆರಳು ಸವೆಸಿದ ದಿನಗಳನ್ನು.

ಬೆಲೆಯ ಜೊತೆಗೆ ದಾಖಲೆಯೂ ಬೇಕು. ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿನಿಯರು ಒಂದು ದಸರೆಯ ಮುಂಚೆ ಸುತ್ತಲಿನ ಹಳ್ಳಿಗಳಿಗೆ ಹೋಗಿ ಒಣಹಾಕಿದ ಕೌದಿಗಳ ಚಿತ್ರ, ಅಳತೆ, ಹೊಲಿದವಳ ಹೆಸರು, ತುಂಡುಗಳ ಕತೆ ಬರೆದುಕೊಂಡು ಬಂದರೆ ಈ ಜಿಲ್ಲೆಗೆ ದೊಡ್ಡ ಉಪಕಾರವಾಗುತ್ತದೆ.

ಓದುವ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮನೆಯಲ್ಲಿ ನೂಲಿನ ಸೀರೆ, ಧೋತರ ಉಳಿದಿದ್ದರೆ ಭಾಂಡೆಯವರಿಗೆ ಹಾಕಬೇಡಿ, ಒಗೆದು ಗಂಟು ಕಟ್ಟಿಡಿ. ಟೇಲರ್ ಹತ್ತಿರ ಹತ್ತಿಯ ತುಂಡು ಎತ್ತಿಡಲು ಹೇಳಿಡಿ. ನಿಮ್ಮ ಓಣಿಯಲ್ಲಿ ಕೌದಿ ಹೊಲಿಯಬಲ್ಲ ಅಜ್ಜಿಯನ್ನೋ ಕಾಕಿಯನ್ನೋ ಹುಡುಕಿ, ಕೂಲಿ ಮೊದಲೇ ಮಾತಾಡಿ ಒಪ್ಪಿಸಿ. ಅವರು ಹೊಲಿಯುವಾಗ ಮನೆಯ ಮಗಳನ್ನೂ ಮಗನನ್ನೂ ಪಕ್ಕದಲ್ಲಿ ಕೂಡಿಸಿ, ಒಂದೊಂದು ಸೂಜಿ ಕೈಗೆ ಕೊಡಿ.