ನಟರು ಹೋದರು, ಆಟ ನಿಲ್ಲಲಿಲ್ಲ

ಹಳೆಯ ಗುಮಾಸ್ತರೊಬ್ಬರು ನಿವೃತ್ತರಾದ ಮರುದಿನ ಕಚೇರಿಯಲ್ಲಿ ಏನಾಗುತ್ತದೆಂಬುದು ನಮ್ಮ ವಾಚಕರಿಗೆ ಹೊಸತಲ್ಲ. ಯಾವ ಫೈಲು ಯಾವ ಬೀರುವಿನಲ್ಲಿದೆ, ಯಾವ ಕಾಗದ ಯಾರ ಸಹಿಗೆ ಹೋಗಬೇಕು ಎಂಬುದು ಅವರೊಬ್ಬರಿಗೇ ಗೊತ್ತಿದ್ದರೆ ಕೆಲಸ ನಿಂತುಹೋಗುತ್ತದೆ. ಪಕ್ಕದ ಮೇಜಿನವನಿಗೆ ಒಂದಷ್ಟು ಕಲಿಸಿ ಹೋಗಿದ್ದರೆ ಹೇಗೋ ಸಾಗುತ್ತದೆ. ಐವತ್ತು ವರ್ಷಗಳನ್ನು ದಾಟಿದ ಒಂದು ನಗೆಯಾಟದ ಇತಿಹಾಸವೂ ಇದೇ ಮಾತನ್ನು ಹೇಳುತ್ತದೆ.

ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಟೆಲಿವಿಷನ್ ಕಾರ್ಯಕ್ರಮ ನ್ಯೂಯಾರ್ಕ್ ನಗರದಿಂದ ಮೊದಲ ಸಲ ಪ್ರಸಾರವಾದುದು 1975ರ ಅಕ್ಟೋಬರ್ 11ರಂದು. ಅದನ್ನು ಕಟ್ಟಿದವರು ಕೆನಡಾದಲ್ಲಿ ಹುಟ್ಟಿದ ಲಾರ್ನ್ ಮೈಕೇಲ್ಸ್. ಇದರಲ್ಲಿ ಆರಂಭದಿಂದ ಅಂತ್ಯದವರೆಗೆ ನಡೆಯುವ ಒಂದು ಕಥೆಯಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಚಿಕ್ಕ ಪ್ರಹಸನಗಳು, ನಡುವೆ ಹಾಡು, ಜೊತೆಗೆ ಒಂದು ಹುಸಿ ವಾರ್ತಾಪ್ರಸಾರ. ವಾರಕ್ಕೊಬ್ಬ ಅತಿಥಿ. ಬಹುಭಾಗವನ್ನು ಮೊದಲೇ ಚಿತ್ರೀಕರಿಸಿ ಇಟ್ಟುಕೊಳ್ಳುವುದಿಲ್ಲ. ಶನಿವಾರ ರಾತ್ರಿ ಹನ್ನೊಂದೂವರೆಗೆ ಪ್ರೇಕ್ಷಕರ ಎದುರು ಆಡಿದ್ದು ಆಗಿಂದಾಗಲೇ ಮನೆಮನೆಗೆ ತಲಪುತ್ತದೆ. ಮಾತು ತಪ್ಪಿದರೆ ತಿದ್ದಲು ಅವಕಾಶವಿಲ್ಲ.

ಇದಕ್ಕಾಗಿ ದುಡಿಯುವ ವಾರ ಹೇಗಿರುತ್ತದೆ ನೋಡಿ. ಸೋಮವಾರ ಅತಿಥಿಯ ಮುಂದೆ ಎಲ್ಲರೂ ತಮಗೆ ತೋಚಿದ ವಿಷಯಗಳನ್ನು ಹೇಳುತ್ತಾರೆ. ಮಂಗಳವಾರ ರಾತ್ರಿಯೆಲ್ಲ ಎಚ್ಚರವಾಗಿದ್ದು ಬರೆಯುತ್ತಾರೆ. ಬುಧವಾರ ಎಲ್ಲರೂ ಮೇಜಿನ ಸುತ್ತ ಕುಳಿತು ಬರೆದುದನ್ನು ಓದುತ್ತಾರೆ. ಆಯ್ದ ಪ್ರಹಸನಗಳಿಗೆ ಮುಂದಿನ ಎರಡು ದಿನ ರಂಗಸಜ್ಜಿಕೆ ಮತ್ತು ತಾಲೀಮು. ಶನಿವಾರ ಸಂಜೆ ಪ್ರೇಕ್ಷಕರನ್ನು ಕೂರಿಸಿಯೇ ಪೂರ್ತಿ ತಾಲೀಮು ನಡೆಸಿ, ಅವರು ನಗದಿದ್ದ ಕೆಲವನ್ನು ತೆಗೆದುಹಾಕುತ್ತಾರೆ. ಹೊಸ ನಟನೊಬ್ಬ ಇಡೀ ವಾರ ದುಡಿದ ಪಾತ್ರ ಕೊನೆಯ ಗಳಿಗೆಯಲ್ಲಿ ಹೀಗೆ ಹೋಗಿಬಿಡಬಹುದು. ಯಾವ ಬರಹಗಾರನಿಗೆ ಎಂಥ ಮಾತು ಕೊಡಬೇಕು, ತೆಗೆದುಹಾಕಿದಾಗ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಹಳಬರ ಪಕ್ಕದಲ್ಲಿ ನಿಂತೇ ಅದನ್ನು ಕಲಿಯಬೇಕು.

ಮೊದಲ ತಂಡದಲ್ಲಿ ಇದ್ದವರು ಏಳು ಮಂದಿ. ಅವರಲ್ಲಿ ಎಲ್ಲರಿಗಿಂತ ಬೇಗ ಹೆಸರಾದ ಚೆವಿ ಚೇಸ್ 1976ರಲ್ಲಿಯೇ ಬಿಟ್ಟುಹೋದರು. ಮರುವರ್ಷ ಜನವರಿಯಲ್ಲಿ ಬಿಲ್ ಮರ್ರಿ ಬಂದರು. ಹೋದವರನ್ನು ಜನ ಮರೆತಿರಲಿಲ್ಲ. ಹೊಸಬರು ಅವರಿಗೆ ಹಿಡಿಸಲಿಲ್ಲ. ಮರ್ರಿ ಒಂದು ರಾತ್ರಿ ಕ್ಯಾಮೆರಾದ ಮುಂದೆ ಕುಳಿತು, ತಾನು ಹೊಸಬ, ತನ್ನ ಕೆಲಸ ಇನ್ನೂ ಕುದುರಿಲ್ಲ ಎಂದು ಪ್ರೇಕ್ಷಕರಿಗೇ ಹೇಳಿ ಅವರ ಬೆಂಬಲ ಬೇಡಿದರು. ಅದೂ ಒಂದು ಹಾಸ್ಯವೇ ಆಗಿತ್ತು. ಆದರೆ ಹೊಸ ಊರಿನಲ್ಲಿ, ಹೊಸ ನೌಕರಿಯಲ್ಲಿ ಮೊದಲ ತಿಂಗಳು ಕಳೆದವರಿಗೆ ಅದರ ಒಳಗಿನ ನೋವು ತಿಳಿಯದಿರದು. ಮರ್ರಿ ಬೇಗನೆ ಜನರ ಮೆಚ್ಚುಗೆ ಗಳಿಸಿದರು. ಒಬ್ಬರು ಹೋಗಿ ಒಬ್ಬರು ಬಂದುದರಿಂದ ಉಳಿದ ಆರು ಮಂದಿ ಆಟವನ್ನು ಹಿಡಿದು ನಿಲ್ಲಿಸಿದ್ದರು.

ಕಷ್ಟ ಬಂದುದು 1980ರಲ್ಲಿ. ಜಾನ್ ಬೆಲೂಷಿ ಮತ್ತು ಡ್ಯಾನ್ ಅಕ್ರಾಯ್ಡ್ ಹಿಂದಿನ ವರ್ಷವೇ ಹೊರಟಿದ್ದರು. ಈಗ ಮೈಕೇಲ್ಸ್ ಕೂಡ ಬಿಟ್ಟರು. ಅವರೊಡನೆ ಉಳಿದ ನಟರೆಲ್ಲರೂ ಹೋದರು. ಜೀನ್ ಡುಮೇನಿಯನ್ ಎಂಬ ಮಹಿಳೆ ಪೂರ್ತಿ ಹೊಸ ನಟವರ್ಗವನ್ನು ಕಟ್ಟಬೇಕಾಯಿತು. ಹೆಸರು ಅದೇ, ಸಭಾಂಗಣ ಅದೇ. ಕೈ ಹಿಡಿದು ನಡೆಸುವ ಹಳೆಯ ನಟ ಮಾತ್ರ ಒಬ್ಬರೂ ಇಲ್ಲ. ಕೆಲವೇ ತಿಂಗಳಲ್ಲಿ, 1981ರ ಮಾರ್ಚ್‌ನಲ್ಲಿ, ಅವರನ್ನು ತೆಗೆದುಹಾಕಲಾಯಿತು. ಅವರು ಸೇರಿಸಿಕೊಂಡಿದ್ದ ನಟರಲ್ಲಿ ಮುಂದಿನ ಹಂಗಾಮಿಗೆ ಉಳಿದವರು ಇಬ್ಬರೇ: ಜೋ ಪಿಸ್ಕೊಪೊ ಮತ್ತು ಎಡ್ಡಿ ಮರ್ಫಿ. ಮರ್ಫಿ ಸೇರಿದಾಗ ಹತ್ತೊಂಬತ್ತು ವರ್ಷದ ಹುಡುಗ. ಮೊದಮೊದಲು ಅವರಿಗೆ ಹೆಚ್ಚು ಮಾತೂ ಸಿಗುತ್ತಿರಲಿಲ್ಲ. ಒಂದು ರಾತ್ರಿ ಆಟ ಬೇಗ ಮುಗಿದು ಕೆಲವು ನಿಮಿಷ ಉಳಿದಾಗ ಅವರನ್ನು ಒಬ್ಬರನ್ನೇ ಮುಂದಕ್ಕೆ ಕಳಿಸಿದರು. ಕಾಯುತ್ತಿದ್ದವನಿಗೆ ಅಷ್ಟೇ ಸಾಕಾಯಿತು. ಮುಂದಿನ ಕೆಲವು ವರ್ಷ ಕಾರ್ಯಕ್ರಮದ ಭಾರವನ್ನು ಹೆಚ್ಚಾಗಿ ಹೊತ್ತವರು ಅವರೇ.

ಮೈಕೇಲ್ಸ್ 1985ರಲ್ಲಿ ಹಿಂದಿರುಗಿದರು. ಸಿನಿಮಾದಲ್ಲಿ ಆಗಲೇ ಹೆಸರು ಮಾಡಿದ್ದ ಎಳೆಯರನ್ನು ತಂದರು, ಅದು ಫಲಿಸಲಿಲ್ಲ. 1986ರಲ್ಲಿ ಬಹುಮಂದಿಯನ್ನು ಬಿಟ್ಟರು. ಆದರೆ ಈ ಸಲ ಜಾನ್ ಲೊವಿಟ್ಜ್, ನೋರಾ ಡನ್, ಡೆನಿಸ್ ಮಿಲ್ಲರ್ ಉಳಿದರು. ಡೇನಾ ಕಾರ್ವಿ, ಫಿಲ್ ಹಾರ್ಟ್‌ಮನ್, ಜ್ಯಾನ್ ಹುಕ್ಸ್ ಮುಂತಾದವರು ಬಂದು ಕೂಡಿಕೊಂಡರು. ಆಟ ಚೇತರಿಸಿತು. 1995ರಲ್ಲಿಯೂ ಹೀಗೆಯೇ ಆಯಿತು. ಆ್ಯಡಮ್ ಸ್ಯಾಂಡ್ಲರ್, ಕ್ರಿಸ್ ಫಾರ್ಲಿ ಹೋದರು, ವಿಲ್ ಫೆರಲ್ ಬಂದರು. ಟಿಮ್ ಮೆಡೋಸ್, ಮಾಲಿ ಶ್ಯಾನನ್ ಮೊದಲಾದ ಕೆಲವರು ಉಳಿದರು. 1980ಕ್ಕೂ ಈ ಎರಡು ವರ್ಷಗಳಿಗೂ ಇರುವ ಅಂತರ ಇದೇ. ದಾರಿ ಬಲ್ಲವರು ಕೆಲವರಾದರೂ ಮನೆಯಲ್ಲಿ ಉಳಿದಿದ್ದರು.

ತೆಗೆದುಹಾಕಿಸಿಕೊಂಡವರು ನಿಷ್ಪ್ರಯೋಜಕರೆಂದು ತಿಳಿಯಬಾರದು. 1986ರಲ್ಲಿ ಒಂದೇ ಹಂಗಾಮಿಗೆ ಹೊರಬಿದ್ದ ರಾಬರ್ಟ್ ಡೌನಿ ಜೂನಿಯರ್ 2024ರಲ್ಲಿ ಆಸ್ಕರ್ ಪ್ರಶಸ್ತಿ ಪಡೆದರು. ಒಂದು ಕಡೆ ಒಗ್ಗದ ಕೈ ಇನ್ನೊಂದು ಕಡೆ ಒಗ್ಗೀತು.

ಇಂದಿಗೂ ಅಲ್ಲಿ ಎರಡು ದರ್ಜೆಗಳಿವೆ. ಹೊಸಬರು ‘ಫೀಚರ್ಡ್ ಪ್ಲೇಯರ್’ ಎಂದು ಸೇರುತ್ತಾರೆ. ನೆಲೆನಿಂತರೆ ಮೇಲಿನ ದರ್ಜೆಗೆ ಏರುತ್ತಾರೆ. 2022ರಲ್ಲಿ ಎಂಟು ನಟರು ಹೋದರು. 2025ರ ಹಂಗಾಮಿಗೆ ಮುಂಚೆ ಐವರು ಹೋಗಿ ಐವರು ಬಂದರು. ಈ ಎರಡು ಸಲವೂ 2003ರಲ್ಲಿ ಸೇರಿದ ಕೆನನ್ ಥಾಂಪ್ಸನ್ ಅಲ್ಲಿಯೇ ಇದ್ದರು. ಇಷ್ಟು ದೀರ್ಘಕಾಲ ಅಲ್ಲಿ ದುಡಿದ ನಟರು ಬೇರೊಬ್ಬರಿಲ್ಲ.

ನಮ್ಮ ಸಂಘದ ನಾಟಕಗಳಿಗೂ ಇದು ಅನ್ವಯಿಸುವ ಮಾತು. ವರ್ಗವಾಗುವುದು, ನೌಕರಿ ಬದಲಾಗುವುದು, ಊರಿಗೆ ಮರಳುವುದು ನಮ್ಮಲ್ಲಿ ಯಾರಿಗೂ ತಪ್ಪಿದ್ದಲ್ಲ. ಮುಂದಿನ ತಾಲೀಮಿಗೆ ಹಳಬರು ತಮ್ಮ ಜೊತೆಗೆ ಒಬ್ಬ ಹೊಸ ಹುಡುಗನನ್ನೋ ಹುಡುಗಿಯನ್ನೋ ಕರೆತರಲಿ. ಮೊದಲ ವರ್ಷ ಪರದೆ ಎಳೆಯುವ ಕೆಲಸ ಕೊಟ್ಟರೂ ಸಾಕು.